ಬೇಡಿಕೆ ಮತ್ತು ಅಗತ್ಯ: ಗಣಕ ಯೋಜನೆಗಳಲ್ಲಿ ಕೇಳುವವರ ಕೆಲಸ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲೆ ನೂರು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳಾದ ನಾವು ನಮ್ಮ ವೃತ್ತಿಯ ಕುರಿತು ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ವೈದ್ಯರು, ವಕೀಲರು, ಶಿಕ್ಷಕರು, ರೈತರು ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತು. ನಮ್ಮ ಕೆಲಸಕ್ಕೆ ಆ ಭಾಗ್ಯವಿಲ್ಲ. ‘ಕಂಪ್ಯೂಟರಿನಲ್ಲಿ ಏನೋ ಮಾಡುತ್ತಾರೆ’ ಎಂಬಲ್ಲಿಗೆ ಮನೆಯವರ ವಿವರಣೆಯೂ ಮುಗಿಯುತ್ತದೆ. ಆದ್ದರಿಂದ ಈ ಕೆಲಸ ಯಾವುದು, ಅದನ್ನು ಮಾಡುವ ಎರಡು ಪದ್ಧತಿಗಳು ಯಾವುವು, ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದಿದವರಿಗೆ ಅದಕ್ಕೂ ಏನು ಸಂಬಂಧ ಎಂಬ ಮೂರು ಸಂಗತಿಗಳನ್ನು ಇಂದು ನಿವೇದಿಸುತ್ತೇವೆ.

ಈ ಕೆಲಸದ ಹೆಸರು ಬಿಸಿನೆಸ್ ಅನಾಲಿಸಿಸ್. ಕನ್ನಡದಲ್ಲಿ ವ್ಯವಹಾರ ವಿಶ್ಲೇಷಣೆ ಎನ್ನಬಹುದು. ಒಂದು ಬ್ಯಾಂಕು, ಆಸ್ಪತ್ರೆ ಅಥವಾ ಸಕ್ಕರೆ ಕಾರ್ಖಾನೆ ತನಗೊಂದು ತಂತ್ರಾಂಶ ಬೇಕೆಂದು ನಿರ್ಧರಿಸುತ್ತದೆ. ಅದನ್ನು ಕಟ್ಟಿಕೊಡುವ ಎಂಜಿನಿಯರರು ಬೇರೆ ಊರಿನಲ್ಲಿರುತ್ತಾರೆ. ಬೇಕೆನ್ನುವವರಿಗೆ ಕಟ್ಟುವ ವಿದ್ಯೆ ಗೊತ್ತಿಲ್ಲ. ಕಟ್ಟುವವರಿಗೆ ಆ ವ್ಯವಹಾರ ಗೊತ್ತಿಲ್ಲ. ಇವರಿಬ್ಬರ ನಡುವೆ ನಿಂತು, ನಿಜವಾಗಿ ಬೇಕಾದುದೇನು ಎಂಬುದನ್ನು ಕೇಳಿ ತಿಳಿದು, ಇಬ್ಬರೂ ಒಪ್ಪುವಂತೆ ಬರೆದು, ಕಟ್ಟಿದ್ದು ಬರೆದಂತೆಯೇ ಇದೆಯೇ ಎಂದು ಪರೀಕ್ಷಿಸುವವರು ನಾವು. ತಂತ್ರಾಂಶ ರಚನೆಯಲ್ಲಿ ಎಲ್ಲಕ್ಕಿಂತ ಕಠಿಣವಾದ ಭಾಗ ಏನನ್ನು ಕಟ್ಟಬೇಕೆಂದು ಖಚಿತವಾಗಿ ನಿರ್ಧರಿಸುವುದೇ ಎಂದು ಅಮೆರಿಕದ ಫ್ರೆಡ್ ಬ್ರೂಕ್ಸ್ 1986ರಲ್ಲಿಯೇ ವಾದಿಸಿದ್ದರು. ಇಂದಿಗೂ ಆ ಮಾತು ಹಳತಾಗಿಲ್ಲ.

ಹೆಸರು ಹೊಸದಾದರೂ ಈ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಇಚಲಕರಂಜಿಯನ್ನೇ ನೋಡಿರಿ. ಅಲ್ಲಿಯ ಜಹಗೀರುದಾರರಾದ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಆಶ್ರಯದಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗವನ್ನು ಹೂಡಿದರು. ಅಂದಿನಿಂದ ಆ ಊರು ಮಗ್ಗದ ಸದ್ದಿನಲ್ಲಿಯೇ ಬೆಳೆದಿದೆ. ಅಲ್ಲಿ ವ್ಯಾಪಾರಿ ನೂಲು ಕೊಡುತ್ತಾನೆ. ‘ಖರ್ಚಿವಾಲಾ’ ಎಂದು ಕರೆಸಿಕೊಳ್ಳುವ ಮಗ್ಗದ ಮಾಲೀಕ ಕೂಲಿಗೆ ನೇಯ್ದುಕೊಡುತ್ತಾನೆ. ವ್ಯಾಪಾರಿ ಎಂದಾದರೂ ‘ಒಳ್ಳೆಯ ಬಟ್ಟೆ ನೇಯ್ದು ಕೊಡು’ ಎಂದಷ್ಟೇ ಹೇಳಿ ಹೋಗುತ್ತಾನೆಯೇ? ಹಾಸಿನ ನೂಲಿನ ನಂಬರು ಎಷ್ಟು, ಹೊಕ್ಕಿನ ನೂಲಿನ ನಂಬರು ಎಷ್ಟು, ಇಂಚಿಗೆ ಹಾಸಿನ ಎಳೆ ಎಷ್ಟು, ಇಂಚಿಗೆ ಹೊಕ್ಕಿನ ಪಿಕ್ ಎಷ್ಟು, ಅಗಲ ಎಷ್ಟು ಎಂದು ಅಂಕಿಗಳಲ್ಲಿ ಹೇಳುತ್ತಾನೆ. ಕೂಲಿಯೂ ಪಿಕ್ಕಿನ ಲೆಕ್ಕದಲ್ಲಿಯೇ ನಿರ್ಧಾರವಾಗುತ್ತದೆ. ಬಟ್ಟೆ ಬಂದ ಮೇಲೆ ಸಣ್ಣ ಭೂತಗನ್ನಡಿಯನ್ನು ಅದರ ಮೇಲಿಟ್ಟು ಎಳೆಗಳನ್ನು ಎಣಿಸಿ ನೋಡುತ್ತಾರೆ. ತಕರಾರು ಬಂದರೆ ತೀರ್ಮಾನಿಸುವುದು ಆ ಎಣಿಕೆ.

ನಮ್ಮ ವೃತ್ತಿಯ ಮೊದಲ ಪಾಠ ಇದೇ. ‘ವ್ಯವಸ್ಥೆ ವೇಗವಾಗಿರಬೇಕು’ ಎಂಬುದು ಒಳ್ಳೆಯ ಬಟ್ಟೆ ಬೇಕು ಎಂದಂತೆ. ‘ತೂಕದ ಚೀಟಿ ಗಾಡಿ ಕಾಟಾದ ಮೇಲಿಂದ ಇಳಿಯುವುದರೊಳಗೆ ಚಾಲಕನ ಕೈಗೆ ಸಿಗಬೇಕು’ ಎಂಬುದು ಪಿಕ್ ಎಣಿಸಿ ಹೇಳಿದಂತೆ. ಎಣಿಸಿ ನೋಡಲು ಬಾರದ ಮಾತನ್ನು ನಾವು ಅಗತ್ಯವೆಂದು ಬರೆದುಕೊಳ್ಳುವುದಿಲ್ಲ. ಅದನ್ನು ಎಣಿಕೆಗೆ ತರುವವರೆಗೆ ಪ್ರಶ್ನೆ ಕೇಳುತ್ತೇವೆ.

ಎರಡನೆಯ ಪಾಠ ಇದಕ್ಕಿಂತ ಸೂಕ್ಷ್ಮವಾದುದು. ಜನ ಕೇಳುವುದು ಬೇಡಿಕೆ. ಅದರ ಹಿಂದೆ ಇರುವುದು ಅಗತ್ಯ. ಇವೆರಡೂ ಅನೇಕ ವೇಳೆ ಒಂದೇ ಆಗಿರುವುದಿಲ್ಲ. ಇದನ್ನು ಗಡಹಿಂಗ್ಲಜ ಸೀಮೆಯ ಬದುಕಿನಿಂದಲೇ ಒಂದು ಉದಾಹರಣೆ ಕಲ್ಪಿಸಿಕೊಂಡು ವಿವರಿಸುತ್ತೇವೆ. ಹಿರಣ್ಯಕೇಶಿಯ ದಂಡೆಯಲ್ಲಿ ಕಬ್ಬು ಬೆಳೆಯುವ ನಮ್ಮ ಜನಕ್ಕೆ ಇದು ತಟ್ಟನೆ ಅರ್ಥವಾಗುತ್ತದೆ.

ಒಂದು ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿಯವರು ‘ರೈತರಿಗಾಗಿ ಒಂದು ಮೊಬೈಲ್ ಆ್ಯಪ್ ಬೇಕು’ ಎನ್ನುತ್ತಾರೆಂದು ಇಟ್ಟುಕೊಳ್ಳೋಣ. ಇದು ಬೇಡಿಕೆ. ಏಕೆ ಬೇಕು? ಹಂಗಾಮಿನಲ್ಲಿ ರೈತರು ಗಟ ಕಚೇರಿಯ ಮುಂದೆ ಮುಗಿಬೀಳುತ್ತಾರೆ, ಕೆಲಸ ನಡೆಯುವುದಿಲ್ಲ. ಏಕೆ ಮುಗಿಬೀಳುತ್ತಾರೆ? ತಮ್ಮ ಕಬ್ಬಿನ ಕಡಿತದ ಪಾಳಿ ಯಾವಾಗ ಬರುವುದೆಂದು ತಿಳಿಯಲು. ಅದನ್ನು ತಿಳಿಯಲು ಅಷ್ಟು ಆತುರ ಏಕೆ? ಕಬ್ಬು ಹದ ಮೀರಿ ಹೊಲದಲ್ಲಿ ನಿಂತರೆ ತೂಕ ಇಳಿಯುತ್ತದೆ, ಮುಂದಿನ ಬೆಳೆಗೆ ಹೊಲ ತೆರವಾಗುವುದಿಲ್ಲ. ಹಾಗಾದರೆ ಪಾಳಿಯನ್ನು ಮೊದಲೇ ಏಕೆ ಹೇಳುವುದಿಲ್ಲ? ನಾಟಿಯ ದಿನಾಂಕದ ಪಟ್ಟಿ ಕಾರ್ಖಾನೆಯಲ್ಲಿದೆ, ನಿಜ; ಆದರೆ ದಿನದಿನದ ಪಾಳಿ ಇರುವುದು ಹೊಲಹೊಲ ತಿರುಗುವ ಚಿಟ್‌ಬಾಯ್‌ನ ಕಿಸೆಯ ವಹಿಯಲ್ಲಿ. ಕಡಿಯುವ ತಂಡ ಬಾರದಿದ್ದರೆ, ಟ್ರ್ಯಾಕ್ಟರು ಕೆಟ್ಟರೆ, ಅಕಾಲ ಮಳೆ ಸುರಿದರೆ ಅದು ಬದಲಾಗುತ್ತದೆ. ಬದಲಾದದ್ದು ಏಕೆ ಎಂದು ರೈತನಿಗೆ ತಿಳಿಯದಿದ್ದಾಗ ‘ವಶೀಲಿ ನಡೆದಿದೆ’ ಎಂಬ ಸಂಶಯ ಹುಟ್ಟುತ್ತದೆ.

ಈಗ ನೋಡಿರಿ. ಆ ವಹಿ ಕಿಸೆಯಲ್ಲಿಯೇ ಉಳಿದರೆ ಎಷ್ಟು ಅಂದವಾದ ಆ್ಯಪ್ ಮಾಡಿದರೂ ಕಚೇರಿಯ ಮುಂದಿನ ಗುಂಪು ಕರಗುವುದಿಲ್ಲ. ಅಲ್ಲಿಯ ಅಗತ್ಯ ಎರಡು: ಪಾಳಿಯ ಪಟ್ಟಿ ಎಲ್ಲರಿಗೂ ಕಾಣಬೇಕು, ಪಾಳಿ ಬದಲಾದರೆ ಕಾರಣವೂ ಅದರ ಮುಂದೆಯೇ ಕಾಣಬೇಕು. ಇಷ್ಟನ್ನು ಮೊದಲು ಪಂಚಾಯಿತಿಯ ಫಲಕದ ಮೇಲೆ ದಿನಕ್ಕೊಮ್ಮೆ ಅಂಟಿಸುವ ಒಂದು ಹಾಳೆಯಿಂದಲೇ ಪರೀಕ್ಷಿಸಬಹುದು. ಆ್ಯಪ್ ಅದರ ನಂತರದ ಮಾತು. ನಾಲ್ಕು ಬಾರಿ ‘ಏಕೆ’ ಎಂದು ಕೇಳಿದ ಮಾತ್ರಕ್ಕೆ ಲಕ್ಷಗಟ್ಟಲೆ ರೂಪಾಯಿಯ ಖರ್ಚಿನ ದಿಕ್ಕೇ ಬದಲಾಗುತ್ತದೆ.

ಹೀಗೆ ಬೆನ್ನುಬೆನ್ನಿಗೆ ‘ಏಕೆ’ ಎಂದು ಕೇಳುವ ಕ್ರಮಕ್ಕೂ ಮಗ್ಗಕ್ಕೂ ನಂಟಿದೆ. ಜಪಾನಿನ ಸಾಕಿಚಿ ತೊಯೋದಾ ಮಗ್ಗಗಳನ್ನು ಸುಧಾರಿಸಿದ ಪುರುಷ. 1924ರಲ್ಲಿ ಸಿದ್ಧವಾದ ಅವರ ಸ್ವಯಂಚಾಲಿತ ಮಗ್ಗ ಎಳೆ ಹರಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆಯನ್ನು ಮುಂದುವರಿಸಿ ನೇಯುತ್ತಿರಲಿಲ್ಲ. ಆ ಮನೆತನವೇ ಮುಂದೆ ಟೊಯೋಟಾ ಮೋಟಾರು ಕಂಪನಿಯನ್ನು ಕಟ್ಟಿತು. ತಪ್ಪು ಕಂಡಲ್ಲಿಯೇ ನಿಲ್ಲಿಸು, ಐದು ಬಾರಿ ಏಕೆಂದು ಕೇಳು, ಬೇಕಾದಷ್ಟನ್ನೇ ಬೇಕಾದಾಗ ಮಾಡು ಎಂಬ ಅಲ್ಲಿಯ ಕಾರ್ಖಾನೆ ನೀತಿ ದಶಕಗಳ ಬಳಿಕ ತಂತ್ರಾಂಶ ಕಟ್ಟುವವರಿಗೂ ದಾರಿ ತೋರಿಸಿತು.

ಇನ್ನು ಎರಡು ಪದ್ಧತಿಗಳ ವಿಚಾರ. ಇದನ್ನು ತಿಳಿಯಲು ಕೊಲ್ಹಾಪುರ ಜಿಲ್ಲೆಯ ನೀರಿನ ಕಟ್ಟಡಗಳನ್ನೇ ನೋಡೋಣ.

ಭೋಗಾವತಿ ನದಿಗೆ ರಾಧಾನಗರಿಯಲ್ಲಿ ಅಣೆಕಟ್ಟು ಕಟ್ಟಿಸಲು ಆರಂಭಿಸಿದವರು ಶಾಹೂ ಮಹಾರಾಜರು. ಕೆಲಸ ಹಣದ ಅಡಚಣೆಯಿಂದ ವರ್ಷಗಟ್ಟಲೆ ನಿಂತು, ಸ್ವಾತಂತ್ರ್ಯದ ತರುವಾಯ ಪೂರ್ಣಗೊಂಡಿತು. ಅಣೆಕಟ್ಟಿನ ಕೆಲಸದಲ್ಲಿ ಅಳತೆ, ನಕ್ಷೆ, ಅಡಿಪಾಯ, ಗೋಡೆ ಎಂಬ ಕ್ರಮ ತಪ್ಪುವಂತಿಲ್ಲ. ಅರ್ಧ ಕಟ್ಟಿದ ಮೇಲೆ ‘ಎರಡು ಮೈಲಿ ಕೆಳಗೆ ಕಟ್ಟಿದ್ದರೆ ಚೆನ್ನಾಗಿತ್ತು’ ಎನ್ನಲು ಬರುವುದಿಲ್ಲ. ಎಲ್ಲವನ್ನೂ ಮೊದಲೇ ಕೇಳಿ, ಬರೆದು, ಸಹಿ ಹಾಕಿಸಿಕೊಂಡು ಆಮೇಲೆ ಕಟ್ಟುವ ಈ ಕ್ರಮವೇ ತಂತ್ರಾಂಶದಲ್ಲಿ ಸಾಂಪ್ರದಾಯಿಕ ಪದ್ಧತಿ ಎನಿಸಿಕೊಂಡಿದೆ. ಮೇಲಿನಿಂದ ಕೆಳಕ್ಕೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವುದರಿಂದ ಇದಕ್ಕೆ ‘ವಾಟರ್‌ಫಾಲ್’, ಅಂದರೆ ಜಲಪಾತ ಎಂಬ ಹೆಸರು ಬಂತು. ಈ ಮೆಟ್ಟಿಲುಗಳ ಚಿತ್ರವನ್ನು ವಿನ್‌ಸ್ಟನ್ ರಾಯ್ಸ್ 1970ರ ತಮ್ಮ ಪ್ರಬಂಧದಲ್ಲಿ ಬರೆದರು. ಆದರೆ ಹೀಗೆ ಒಂದೇ ಸಲ ಇಳಿದುಬಿಡುವುದು ಅಪಾಯಕಾರಿ ಎಂದು ಅದೇ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಲೋಕ ಚಿತ್ರವನ್ನು ಹಿಡಿದುಕೊಂಡು ಎಚ್ಚರಿಕೆಯನ್ನು ಮರೆಯಿತು.

ಇನ್ನೊಂದು ಕಟ್ಟಡ ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತಿದೆ. ಅದು ಕೊಲ್ಹಾಪುರ ಮಾದರಿಯ ಬಾಂದಾರ, ನಮ್ಮ ರೈತರ ಬಾಯಲ್ಲಿ ಕೆ.ಟಿ. ಬಾಂದಾರ. ಕರ್ನಾಟಕದಲ್ಲಿಯೂ ಇದೇ ಹೆಸರಿನಿಂದ ಇವುಗಳನ್ನು ಕಟ್ಟಿದ್ದಾರೆ. ನದಿಗೆ ಅಡ್ಡಲಾಗಿ ಗಟ್ಟಿಯಾದ ಕಂಬಗಳು, ಕಂಬಗಳಲ್ಲಿ ಕೊರೆದ ಗಾಡಿ. ಮಳೆಗಾಲ ಮುಗಿದ ಮೇಲೆ ಆ ಗಾಡಿಗಳಲ್ಲಿ ಹಲಗೆಗಳನ್ನು ಇಳಿಸಿ ನೀರನ್ನು ತಡೆಯುತ್ತಾರೆ. ಮುಂದಿನ ಮಳೆಗೆ ಮೊದಲು ಹಲಗೆಗಳನ್ನು ತೆಗೆದು ಹೊಳೆಗೆ ದಾರಿ ಬಿಡುತ್ತಾರೆ. ಆ ವರ್ಷದ ಮಳೆ, ಹೊಳೆಯ ಹರಿವು, ದಂಡೆಯ ಬೆಳೆ ನೋಡಿಕೊಂಡು ಯಾವಾಗ ಇಳಿಸಬೇಕು, ಯಾವಾಗ ತೆಗೆಯಬೇಕು ಎಂದು ಪ್ರತಿ ವರ್ಷ ನಿರ್ಧರಿಸಬೇಕಾಗುತ್ತದೆ.

ತಂತ್ರಾಂಶದಲ್ಲಿ ‘ಅಜೈಲ್’ ಎಂಬ ಪದ್ಧತಿ ಹುಟ್ಟಿದ್ದು ಇಂಥ ಹಲಗೆಗಳ ಅಗತ್ಯದಿಂದಲೇ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಜನ ಅನುಭವಿಗಳು ಸೇರಿ ಒಂದು ಚಿಕ್ಕ ಘೋಷಣೆಯನ್ನು ಸಿದ್ಧಪಡಿಸಿದರು. ಕಾಗದದ ರಾಶಿಗಿಂತ ನಡೆಯುವ ತಂತ್ರಾಂಶ ಮೇಲು, ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಮೇಲು ಎಂಬುದು ಅದರ ತಿರುಳಿನ ಒಂದು ಭಾಗ. ಕಾಗದಕ್ಕೂ ಯೋಜನೆಗೂ ಬೆಲೆಯುಂಟೆಂದು ಅವರೇ ಅಲ್ಲಿ ಸ್ಪಷ್ಟಪಡಿಸಿದ್ದಾರೆ. ಈ ಪದ್ಧತಿಯಲ್ಲಿ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಂದು ತುಣುಕನ್ನು ಕಟ್ಟಿ, ಬಳಸುವವರ ಕೈಗೆ ಕೊಟ್ಟು, ಅವರ ಮಾತು ಕೇಳಿ ಮುಂದಿನ ತುಣುಕಿಗೆ ಹೋಗುತ್ತಾರೆ.

ಇಲ್ಲಿ ಅಗತ್ಯವನ್ನು ದಪ್ಪ ಗ್ರಂಥದಲ್ಲಿ ಬರೆಯುವುದಿಲ್ಲ. ಅಂಗೈಯಗಲದ ಚೀಟಿಯಲ್ಲಿ, ಬಳಸುವವರ ಬಾಯಿಂದಲೇ ಹೇಳಿಸಿದಂತೆ ಬರೆಯುತ್ತೇವೆ. ‘ಕಬ್ಬು ಬೆಳೆಗಾರನಾದ ನನಗೆ ಕಡಿತದ ಪಾಳಿ ಮೂರು ದಿನ ಮೊದಲು ತಿಳಿಯಬೇಕು, ಏಕೆಂದರೆ ಗಾಡಿ ಬರುವ ದಾರಿಯನ್ನು ಬಿಡಿಸಿಟ್ಟುಕೊಳ್ಳಬೇಕು.’ ಯಾರು, ಏನು, ಏಕೆ ಎಂಬ ಮೂರೂ ಇದರಲ್ಲಿವೆ. ಚೀಟಿಯ ಬೆನ್ನಿಗೆ ಪರೀಕ್ಷೆಯ ಷರತ್ತುಗಳು: ಪಾಳಿ ಬದಲಾದರೆ ಅದೇ ದಿನ ತಿಳಿಸಬೇಕು; ಸಂದೇಶ ರೈತ ಬಯಸಿದ ಭಾಷೆಯಲ್ಲಿರಬೇಕು; ಸ್ಮಾರ್ಟ್‌ಫೋನ್ ಇಲ್ಲದವನಿಗೂ ತಲುಪಬೇಕು. ಭೂತಗನ್ನಡಿಯಿಟ್ಟು ಎಣಿಸುವ ಕೆಲಸ ಇಲ್ಲಿಯೂ ತಪ್ಪಿದ್ದಲ್ಲ. ಅಜೈಲ್ ಎಂದರೆ ಬರೆಯದೆ, ಯೋಚಿಸದೆ ನುಗ್ಗುವುದು ಎಂದು ತಿಳಿದವರಿದ್ದಾರೆ. ಕಂಬವಿಲ್ಲದ ಹೊಳೆಯಲ್ಲಿ ಹಲಗೆಯನ್ನು ಮಾತ್ರ ಇಳಿಸಿದರೆ ಅದು ತೇಲಿಹೋಗುತ್ತದೆ.

ಹಾಗಾದರೆ ಯಾವುದು ಕಂಬ, ಯಾವುದು ಹಲಗೆ? ಕಾರ್ಖಾನೆಗೆ ಕಬ್ಬು ಒಪ್ಪಿಸಿದ ದಿನದಿಂದ 14 ದಿನಗಳೊಳಗೆ ರೈತನಿಗೆ ಹಣ ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ವಿಧಿಸುತ್ತದೆ. ಇದು ಕಂಬ. ಇದನ್ನು ಮೊದಲ ದಿನವೇ, ಒಂದು ಅಕ್ಷರವೂ ಸಡಿಲವಾಗದಂತೆ ಬರೆದಿಡಬೇಕು. ಒಪ್ಪಿಸಿದ ದಿನವೆಂದರೆ ಗಾಡಿ ಅಂಗಳಕ್ಕೆ ಬಂದು ಸಾಲಿನಲ್ಲಿ ನಿಂತ ದಿನವೋ, ಮರುದಿನ ತೂಕವಾದ ದಿನವೋ? ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋದರೆ ಲೆಕ್ಕದಲ್ಲಿ ಒಂದು ದಿನ ತಪ್ಪುತ್ತದೆ. ಸಾವಿರಾರು ರೈತರ ಪಾಲಿಗೆ ಆ ಒಂದು ದಿನ ಚಿಕ್ಕದಲ್ಲ. ಪರದೆಯ ಮೇಲೆ ಯಾವ ಅಂಕಿ ಮೇಲಿರಬೇಕು, ಸಂದೇಶ ಬೆಳಗ್ಗೆ ಹೋಗಬೇಕೋ ಸಂಜೆಯೋ, ಇವು ಹಲಗೆಗಳು. ಇವುಗಳನ್ನು ಒಂದು ಹಂಗಾಮು ಬಳಸಿ ನೋಡಿ ಬದಲಿಸಬಹುದು. ಸಾಂಪ್ರದಾಯಿಕವೋ ಅಜೈಲೋ ಎಂಬ ವಾದದಲ್ಲಿ ವರ್ಷಗಳು ಕಳೆದಿವೆ. ನಮ್ಮ ಅನುಭವದಲ್ಲಿ ಬಹುಪಾಲು ಯೋಜನೆಗಳಿಗೆ ಎರಡೂ ಬೇಕು, ಮತ್ತು ಕಂಬವನ್ನು ಹಲಗೆಯಿಂದ ಬೇರ್ಪಡಿಸಿ ಹೇಳುವುದೇ ವಿಶ್ಲೇಷಕನ ಮುಖ್ಯ ಸೇವೆ.

ಇಲ್ಲಿಂದ ಮಾತು ಭಾಷೆಯ ಕಡೆಗೆ ತಿರುಗುತ್ತದೆ, ಪಾಲಕರು ದಯವಿಟ್ಟು ಗಮನಿಸಬೇಕು.

ಯಾವುದೇ ಯೋಜನೆಯಲ್ಲಿ ನಾವು ಮೊದಲು ಸಿದ್ಧಪಡಿಸುವುದು ಒಂದು ಪದಕೋಶ. ‘ಬಾಕಿ’ ಎಂಬ ಪದವನ್ನೇ ತೆಗೆದುಕೊಳ್ಳಿರಿ. ರೈತ ಬಾಕಿ ಎಂದರೆ ಕಾರ್ಖಾನೆ ತನಗೆ ಕೊಡಬೇಕಾದ ಹಣ. ಸೊಸೈಟಿಯ ಗುಮಾಸ್ತ ಬಾಕಿ ಎಂದರೆ ರೈತ ತೀರಿಸಬೇಕಾದ ಸಾಲ. ಒಂದೇ ಪದ, ಎದುರುಬದುರಾದ ಎರಡು ಲೆಕ್ಕ. ‘ತೂಕ’ ಎಂದರೆ ಗಾಡಿ ಸಹಿತವೋ ರಹಿತವೋ, ಸೋಗೆ ಕಳೆದ ಮೇಲೋ ಮೊದಲೋ? ‘ಕೊಯ್ತಾ’ ಎಂಬ ಪದವಂತೂ ಮನಸ್ಸನ್ನು ಕಲಕುವಂಥದು. ಬೀಡ್ ಮೊದಲಾದ ಮರಾಠವಾಡದ ಜಿಲ್ಲೆಗಳಿಂದ ಕಬ್ಬು ಕಡಿಯಲು ಬರುವ ಗಂಡ ಹೆಂಡಿರ ಜೋಡಿಯನ್ನು ಸೇರಿಸಿ ಒಂದು ಕೊಯ್ತಾ ಎಂದು ಎಣಿಸುತ್ತಾರೆ. ಅದು ತಿಳಿಯದ ಎಂಜಿನಿಯರ ಒಂದು ಕೊಯ್ತಾಕ್ಕೆ ಒಬ್ಬ ಕೆಲಸಗಾರ ಎಂದು ತಂತ್ರಾಂಶದಲ್ಲಿ ಬರೆದರೆ, ಸರಿಸಮವಾಗಿ ದುಡಿದ ಹೆಣ್ಣುಮಗಳು ದಾಖಲೆಯಿಂದಲೇ ಮಾಯವಾಗುತ್ತಾಳೆ. ನಾಳೆ ವಿಮೆಯೋ ವೈದ್ಯಕೀಯ ನೆರವೋ ಬಂದಾಗ ಆಕೆಯ ಹೆಸರು ಎಲ್ಲಿಯೂ ಇರುವುದಿಲ್ಲ. ಆಡಳಿತ ಮಂಡಳಿಯ ಸಭೆಗೆ ಆಕೆ ಬರುವುದಿಲ್ಲ. ಅವಳ ಅಗತ್ಯವನ್ನು ತಿಳಿಯಬೇಕಾದರೆ ಯಾರಾದರೂ ಹೊಲಕ್ಕೆ ಹೋಗಿ, ಅವಳ ಮಾತಿನಲ್ಲಿಯೇ ಕೇಳಬೇಕು.

ಈ ಕೆಲಸಕ್ಕೆ ಬೇಕಾದ ಮೊದಲ ಅಭ್ಯಾಸ ನಮಗೆ ಈ ಶಾಲೆಯಲ್ಲಿ ಆಯಿತೆಂದು ನಾವು ಕೃತಜ್ಞತೆಯಿಂದ ಹೇಳುತ್ತೇವೆ. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ಕನ್ನಡವೂ ಸೇರಿದಂತೆ 8 ಭಾಷೆಗಳಲ್ಲಿ ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಆ ಕನ್ನಡ ಪುಸ್ತಕದಲ್ಲಿ ನಾವು ಗಣಿತ ಕಲಿತೆವು. ಪೇಟೆಯಲ್ಲಿ ಮರಾಠಿಯಲ್ಲಿ ಲೆಕ್ಕ ಮಾಡಿದೆವು. ಕಾಲೇಜಿನಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಓದಿದೆವು. ವಸ್ತು ಒಂದು, ಹೆಸರು ಮೂರು ಎಂಬುದು ಗಡಿನಾಡಿನ ಮಗುವಿಗೆ ಯಾರೂ ಹೇಳದೆ ತಿಳಿಯುತ್ತದೆ. ಅಜ್ಜಿಯ ಮಾತನ್ನು ಮರಾಠಿ ಡಾಕ್ಟರರಿಗೆ, ಡಾಕ್ಟರರ ಮಾತನ್ನು ಅಜ್ಜಿಗೆ ತಿಳಿಸಿ ಹೇಳದ ಮಗು ನಮ್ಮಲ್ಲಿ ಯಾವುದಿದೆ? ಅಜ್ಜಿ ‘ಹೊಟ್ಟೆಯಲ್ಲಿ ಸಂಕಟ’ ಎಂದರೆ ನೋವೋ, ಉರಿಯೋ, ವಾಕರಿಕೆಯೋ ಎಂದು ಮಗು ತಿರುಗಿ ಕೇಳಿ ಹೇಳುತ್ತದೆ. ನಾವು ಮಾಡುವ ವಿಶ್ಲೇಷಣೆಯ ಬೀಜ ಅದೇ.

ಹಾಗೆಂದು ಕನ್ನಡ ಮಾಧ್ಯಮದಲ್ಲಿ ಓದಿದ ಮಾತ್ರಕ್ಕೆ ಎಲ್ಲವೂ ಕೈಗೂಡುತ್ತದೆಂದು ಹೇಳಿ ನಿಮ್ಮನ್ನು ಮೆಚ್ಚಿಸುವುದು ನಮ್ಮ ಉದ್ದೇಶವಲ್ಲ. ನಮ್ಮ ವೃತ್ತಿಯ ದಾಖಲೆಗಳು ಇಂಗ್ಲಿಷಿನಲ್ಲಿವೆ, ದೂರದೇಶದ ಗ್ರಾಹಕರೊಡನೆ ಸಭೆಗಳೂ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಅದನ್ನು ಕಲಿಯಲು ನಾವು ಪಟ್ಟ ಶ್ರಮ ಸಣ್ಣದಲ್ಲ, ಇಂದಿನ ಮಕ್ಕಳೂ ಪಡಬೇಕು. ಪ್ರತಿ ಜೂನ್ ತಿಂಗಳಲ್ಲಿ ಮಗುವನ್ನು ಕನ್ನಡ ಶಾಲೆಗೆ ಹಾಕಬೇಕೋ ಇಂಗ್ಲಿಷ್ ಶಾಲೆಗೆ ಹಾಕಬೇಕೋ ಎಂದು ಮನೆಮನೆಯಲ್ಲಿ ನಡೆಯುವ ಚರ್ಚೆ ನಮಗೆ ಗೊತ್ತಿದೆ. ಅಲ್ಲಿಯೂ ಬೇಡಿಕೆ ಮತ್ತು ಅಗತ್ಯವನ್ನು ಬೇರ್ಪಡಿಸಿ ನೋಡಿರೆಂದು ವಿನಂತಿ. ‘ಇಂಗ್ಲಿಷ್ ಮಾಧ್ಯಮ’ ಎಂಬುದು ಬೇಡಿಕೆ. ಏಕೆ ಎಂದು ಕೇಳಿಕೊಂಡರೆ ‘ಮಗು ನಾಳೆ ಗೌರವದಿಂದ ದುಡಿಯಬೇಕು, ಎಲ್ಲಿಯೂ ತಲೆ ತಗ್ಗಿಸಬಾರದು’ ಎಂಬ ಅಗತ್ಯ ಹೊರಬರುತ್ತದೆ. ಅದಕ್ಕೆ ಇಂಗ್ಲಿಷನ್ನು ಚೆನ್ನಾಗಿ ಕಲಿಸಬೇಕು, ನಿಜ. ಅದರ ಜೊತೆಗೆ ಅರ್ಥವಾಗದ್ದನ್ನು ಅಂಜದೆ ಕೇಳುವ, ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವ ಅಭ್ಯಾಸವೂ ಬೇಕು. ಎಳೆಯ ವಯಸ್ಸಿನಲ್ಲಿ ಆ ಧೈರ್ಯ ಮನೆಯ ಭಾಷೆಯಲ್ಲಿ ಸುಲಭವಾಗಿ ಹುಟ್ಟುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. ಈ ಶಾಲೆ ಇಂಗ್ಲಿಷ್ ಬೋಧನೆಯನ್ನು ಇನ್ನಷ್ಟು ಬಲಪಡಿಸಬೇಕು. ಅದಕ್ಕೆ ಹಳೆಯ ವಿದ್ಯಾರ್ಥಿಗಳಾದ ನಾವು ವಾರಕ್ಕೆ ಕೆಲವು ಗಂಟೆ ಕೊಡಲು ಸಿದ್ಧರಿದ್ದೇವೆಂದು ಈ ಸಭೆಯಲ್ಲಿಯೇ ತಿಳಿಸುತ್ತೇವೆ.

ಗುರುಗಳಲ್ಲಿ ಒಂದು ಸಣ್ಣ ಪ್ರಾರ್ಥನೆ. ಎಂಟನೆಯ, ಒಂಬತ್ತನೆಯ ವರ್ಗದ ಮಕ್ಕಳಿಗೆ ವರ್ಷಕ್ಕೊಂದು ಕೆಲಸ ಕೊಡಿರಿ. ಶಾಲೆಯ ಗ್ರಂಥಾಲಯದ ವಹಿಯನ್ನು ಹೇಗೆ ಸುಧಾರಿಸಬಹುದು ಎಂಬುದಿರಬಹುದು, ಮಧ್ಯಾಹ್ನದ ಊಟದ ಸಾಲು ಏಕೆ ಉದ್ದವಾಗುತ್ತದೆ ಎಂಬುದಿರಬಹುದು. ಪುಸ್ತಕ ಒಯ್ಯುವ ಮಗು, ಪುಸ್ತಕ ಕೊಡುವ ಶಿಕ್ಷಕರು, ಅಡುಗೆ ಮಾಡುವ ತಾಯಿ, ಕಸ ಗುಡಿಸುವವರು, ಎಲ್ಲರನ್ನೂ ಮಕ್ಕಳು ಕೇಳಲಿ. ಕೇಳಿದ್ದನ್ನು ಒಂದು ಪುಟದಲ್ಲಿ ಕನ್ನಡದಲ್ಲಿ, ಇನ್ನೊಂದು ಪುಟದಲ್ಲಿ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಲಿ. ಬರೆದುದನ್ನು ಹೇಳಿದವರಿಗೇ ಓದಿ ತೋರಿಸಿ, ‘ನೀವು ಹೇಳಿದ್ದು ಇದೇ ಏನು?’ ಎಂದು ಕೇಳಲಿ. ಈ ಕೊನೆಯ ಪ್ರಶ್ನೆಯನ್ನು ಕೇಳುವ ರೂಢಿಯೊಂದು ಬೆಳೆದರೆ ಅವರು ಮುಂದೆ ಯಾವ ವೃತ್ತಿಗೆ ಹೋದರೂ ಅದು ಅವರ ಕೈ ಬಿಡುವುದಿಲ್ಲ.

ನೂರು ವರ್ಷಗಳ ಕಾಲ ಬದಲಾಗುವ ಆಡಳಿತ, ಬದಲಾಗುವ ಪಠ್ಯ, ಬದಲಾಗುವ ಕಾಲದ ನಡುವೆ ಈ ಗಡಿಯಲ್ಲಿ ಕನ್ನಡದ ಅಕ್ಷರ ಕಲಿಸಿದ ಎಲ್ಲ ಗುರುಗಳಿಗೂ, ಶಾಲೆಗೆ ನೆರಳಾಗಿ ನಿಂತ ಊರಿನ ಮರಾಠಿ ಮತ್ತು ಕನ್ನಡ ಬಂಧುಗಳಿಗೂ ನಮ್ಮ ನಮಸ್ಕಾರಗಳು. ಎರಡನೆಯ ಶತಮಾನದಲ್ಲಿ ಈ ಅಂಗಳ ಮಕ್ಕಳಿಂದ ತುಂಬಿರಲೆಂದು ಹಾರೈಸುತ್ತೇವೆ.